ಹನುಮಂತಯ್ಯನವರ ಚಾಕುವಿನಲ್ಲಿ ರೋಗವಿಲ್ಲ

ಮನೆತೋಟ ಪ್ರೋತ್ಸಾಹ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಶಂಕರಪುರಂ, ಬೆಂಗಳೂರು
ಜುಲೈ ೧೦, ೧೯೮೬

ಮಾನ್ಯರೇ,

ನಿಮ್ಮ ಕಚೇರಿಯ ನೋಟೀಸ್ ಬೋರ್ಡಿನಲ್ಲಿ ಹದಿನಾರು ತಿಂಗಳಿನಿಂದ ಒಂದು ಸುಳ್ಳು ಕೂತಿದೆ. ಅದನ್ನು ತೆಗೆಸಿ ಎಂದು ಕೇಳುವುದಕ್ಕೇ ಈ ಪತ್ರ. ದಿನಾ ಅದರ ಮುಂದೆಯೇ ಜೀಪಿನಿಂದ ಇಳಿದು ಒಳಗೆ ಹೋಗುವ ತಮಗೆ ಅದು ಯಾವುದೆಂದು ನೆನಪಾಗದಿದ್ದರೆ ನಾನೇ ಓದಿ ಹೇಳುತ್ತೇನೆ. "ಕಸಿ ಕೆಲಸಗಾರ ಹನುಮಂತಯ್ಯ ಎಂಬುವರ ಅಶುಚಿಯಾದ ಕೈ ಹಾಗೂ ಚಾಕುವಿನ ಮೂಲಕ ಮೂಸಂಬಿ, ಹೇರಳೆ, ನಿಂಬೆ ಗಿಡಗಳಿಗೆ ಹಳದಿ ರೋಗ ಹರಡಿರುವುದು ವಿಚಾರಣೆಯಿಂದ ದೃಢಪಟ್ಟಿದೆ. ಸಾರ್ವಜನಿಕರು ಇವರಿಂದ ಕಸಿ ಮಾಡಿಸಕೂಡದು." ಕೆಳಗೆ ತಮ್ಮ ಸಹಿ, ಪಕ್ಕದಲ್ಲಿ ಮೊಹರು. ಈ ತಿಂಗಳ ಮೂವತ್ತೊಂದಕ್ಕೆ ಹನುಮಂತಯ್ಯನವರು ನಿವೃತ್ತರಾಗುತ್ತಾರೆ. ಆಮೇಲೆ ನಿಮ್ಮನ್ನು ಕೇಳಿದರೆ "ಅವರು ಈಗ ನಮ್ಮ ನೌಕರರಲ್ಲ, ಕಡತ ಮುಗಿದಿದೆ" ಎನ್ನುತ್ತೀರಿ. ಸರ್ಕಾರಿ ಕಚೇರಿಗಳನ್ನು ನಾನೂ ಕಂಡಿದ್ದೇನೆ. ಆದ್ದರಿಂದ ಇನ್ನು ಇಪ್ಪತ್ತು ದಿನಗಳೊಳಗೆ ಈ ಕೆಲಸ ಆಗಬೇಕು.

ನಾನು ಚಿಕ್ಕಪೇಟೆಯಲ್ಲಿ ಸೀರೆ ವ್ಯಾಪಾರ ಮಾಡುವವನು. ಗಿಡದ ಶಾಸ್ತ್ರ ಓದಿದವನಲ್ಲ. ಆದರೆ ಸೀರೆ ಬಣ್ಣ ಬಿಟ್ಟರೆ ಫಾಲ್ಸ್ ಹೊಲಿದ ದರ್ಜಿಯ ಕುತ್ತಿಗೆ ಹಿಡಿಯಬಾರದು ಎನ್ನುವಷ್ಟು ವಿವೇಕ ನಮ್ಮ ಪೇಟೆಯಲ್ಲಿ ಮೂಟೆ ಹೊರುವವರಿಗೂ ಇದೆ. ಪದವಿ ಪಡೆದ ಮೂವರು ಸೇರಿದ ನಿಮ್ಮ ವಿಚಾರಣಾ ಸಮಿತಿಗೆ ಅದು ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಗಾದೆಯ ಎಮ್ಮೆಗಾದರೂ ಬರೆ ಒಂದೇ ಸಲ. ಹನುಮಂತಯ್ಯನವರಿಗೆ ದಿನಾ ಬೆಳಿಗ್ಗೆ ಹತ್ತಕ್ಕೆ, ಹಾಜರಿ ಹಾಕಲು ಆ ಬೋರ್ಡಿನ ಮುಂದೆ ಹಾದು ಹೋಗುವಾಗ.

ಈ ಕಥೆಗೆ ನಮ್ಮ ಮನೆಯ ಹಿತ್ತಿಲೇ ಸಾಕ್ಷಿ, ಅದನ್ನು ಹೇಳುತ್ತೇನೆ. ನಮ್ಮ ತಾಯಿ ಗುರುಬಸಮ್ಮನವರು ಈ ಮನೆಗೆ ಸೊಸೆಯಾಗಿ ಬಂದ ವರ್ಷ ನೆಟ್ಟ ಹೇರಳೆ ಮರ ಒಂದಿತ್ತು. ವರ್ಷಕ್ಕೆ ಎರಡು ಜಾಡಿ ಉಪ್ಪಿನಕಾಯಿ, ಬೀದಿಯವರಿಗೆಲ್ಲ ಚಿತ್ರಾನ್ನಕ್ಕೆ ಹಣ್ಣು, ಅದಕ್ಕಿಂತ ಹೆಚ್ಚಾಗಿ ಎಲೆ. ಬೇಸಿಗೆಯಲ್ಲಿ ನಮ್ಮ ಅಂಗಡಿಯ ಮುಂದೆ ಅರವಟ್ಟಿಗೆ ಇಡುವುದು ನಮ್ಮ ತಾತನ ಕಾಲದಿಂದ ಬಂದದ್ದು. ಹಮಾಲಿಗಳು, ಗಿರಾಕಿಗಳು, ದಾರಿಹೋಕರು ಯಾರು ಬಂದರೂ ಒಂದು ಲೋಟ ನೀರುಮಜ್ಜಿಗೆ. ಆ ಮಜ್ಜಿಗೆಗೆ ಹೇರಳೆಯ ಎಳೆ ಎಲೆ ಕಿವುಚಿ ಹಾಕದಿದ್ದರೆ ನಮ್ಮಮ್ಮ ಅದನ್ನು ಮಜ್ಜಿಗೆ ಅಂತಲೇ ಒಪ್ಪುವುದಿಲ್ಲ. ಹಾಗಾಗಿ ಶಿವರಾತ್ರಿ ಆಗುತ್ತಿದ್ದಂತೆ ಮರದ ತುದಿಗಳನ್ನೆಲ್ಲ ಚಿವುಟಿಸಿಬಿಡುವರು. ಯುಗಾದಿಯ ಹೊತ್ತಿಗೆ ಮರದ ತುಂಬ ಹೊಸ ಚಿಗುರು. ನಮ್ಮ ಮಜ್ಜಿಗೆಗೆ ಆಗಿ ಉಳಿದದ್ದನ್ನು ಬೀದಿಯ ಹೆಂಗಸರಿಗೆ ಕಟ್ಟು ಕಟ್ಟಿ, ಜೊತೆಗೆ ಎರಡು ಕಡ್ಡಿ ಕರಿಬೇವು ಸೇರಿಸಿ, ಮನೆಮನೆಗೆ ಕಳಿಸುವುದು ವಾಡಿಕೆ. ಈ ವಾಡಿಕೆಯ ವಿಷಯ ಮುಂದೆ ಬರುತ್ತದೆ, ಅದರಲ್ಲಿ ನಮ್ಮ ತಪ್ಪೂ ಇದೆ.

ಎಂಬತ್ತನೇ ಇಸವಿಯಲ್ಲಿ ತಾವು "ಮನೆಗೊಂದು ಮೂಸಂಬಿ" ಎಂಬ ಯೋಜನೆ ತಂದಿರಿ. ಬಸವನಗುಡಿ, ಶಂಕರಪುರಂ, ಚಾಮರಾಜಪೇಟೆಯ ಮನೆಗಳಿಗೆ ಕಸಿ ಗಿಡ ಹಂಚಿದಿರಿ. ಭಾಷಣ ಮಾಡಿದಿರಿ, ಫೋಟೋ ತೆಗೆಸಿಕೊಂಡಿರಿ. ಗಿಡ ಮಾಡಿದ್ದು ಯಾರು? ಹನುಮಂತಯ್ಯನವರು. ಅವರು ನಿಮ್ಮ ಕಚೇರಿಯಲ್ಲಿ ಮೂವತ್ತು ವರ್ಷದಿಂದ ಕಸಿ ಕಟ್ಟುತ್ತಿದ್ದವರು, ವಾಸ ಓಕಳಿಪುರದ ರೈಲು ಹಳಿಯ ಪಕ್ಕ. ಈ ಕಡೆಯ ಬಡಾವಣೆಗಳಲ್ಲಿ ಅವರ ಕೈಗುಣಕ್ಕೆ ಎಂಥ ಹೆಸರಿತ್ತೆಂದರೆ, ಗೃಹಪ್ರವೇಶಕ್ಕೆ ಪುರೋಹಿತರಿಗೂ ಅಯ್ಯನವರಿಗೂ ಹೇಳಿ ಕಳಿಸಿದ ಹಾಗೆಯೇ ಮೊದಲ ಗಿಡ ನೆಡಲು ಅವರಿಗೂ ಹೇಳಿ ಕಳಿಸುತ್ತಿದ್ದರು. ಭಾನುವಾರ ಬಂದು, ಗುಂಡಿ ನೋಡಿ, ಗಿಡ ಇಟ್ಟು, ಮಣ್ಣು ತುಳಿದು ಹೋಗುವರು. ಅದುವರೆಗೆ ಅವರು ನೆಟ್ಟದ್ದು ಒಣಗಿತು ಎಂದು ಯಾರೂ ಹೇಳಿದ್ದು ನಾನು ಕೇಳಿರಲಿಲ್ಲ.

ನಿಮ್ಮ ಯೋಜನೆಗೆ ಸಾವಿರಾರು ಗಿಡ ಬೇಕಿತ್ತು, ಗಡುವು ಹತ್ತಿರವಿತ್ತು. ಅದಕ್ಕೆ ತಾವು ಏನು ಮಾಡಿದಿರಿ? ನರ್ಸರಿಯ ಮೂಲೆಯ ಎರಡೇ ಎರಡು ತಾಯಿ ಮರಗಳಿಂದ ಕಡ್ಡಿ ತೆಗೆಯಿರಿ ಎಂದು ಆರ್ಡರ್ ಮಾಡಿದಿರಿ. ಆ ಮರಗಳ ಒಂದೊಂದು ಕೊಂಬೆ ಆಗಲೇ ಹಳದಿಯಾಗಿತ್ತು. ಹನುಮಂತಯ್ಯನವರು ನಿಮ್ಮ ಕೋಣೆಗೇ ಬಂದು, "ಸ್ವಾಮಿ, ಈ ಮರದ ಕಡ್ಡಿ ಬ್ಯಾಡ. ತಾಯಿಗೇ ಸರಿಯಿಲ್ಲ. ಎಲೆ ನೋಡಿ, ಹುಳ ನೋಡಿ" ಎಂದು ಬೆಂಕಿಪೊಟ್ಟಣ ತೆರೆದು ತೋರಿಸಿದರು. ಒಳಗೆ ಎಳ್ಳುಕಾಳಿನಷ್ಟು ಸಣ್ಣ ಹುಳುಗಳು. ತಾವು ಮೂಗು ಮುಚ್ಚಿಕೊಂಡು, "ಹೇನು ತಂದು ಟೇಬಲ್ ಮೇಲೆ ಇಡ್ತೀಯಲ್ಲಯ್ಯಾ, ಎತ್ಕೊಂಡು ಹೋಗು. ನೀನು ಕಸಿ ಕಟ್ಟೋಕೆ ಇರೋದು, ಡಾಕ್ಟರಿಕೆ ಮಾಡೋಕಲ್ಲ" ಎಂದಿರಿ. ಇದನ್ನು ನನಗೆ ಹೇಳಿದ್ದು ಹನುಮಂತಯ್ಯನವರಲ್ಲ. ಅಂದು ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದ ನಿಮ್ಮದೇ ಜವಾನ ಓಬಳಪ್ಪನವರು, ಕಳೆದ ವರ್ಷ ನಿವೃತ್ತರಾದವರು, ಹೋದ ತಿಂಗಳು ನಮ್ಮ ಅಂಗಡಿಯಲ್ಲಿ ಕೂತು ಹೇಳಿದರು. ನೌಕರಿಯಲ್ಲಿರುವಾಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಂಗೂ ಮಕ್ಕಳು ಮರಿ ಇಲ್ವಾ ಸ್ವಾಮಿ" ಎಂದರು.

ನಮ್ಮ ಪಾಲಿನ ಮೂಸಂಬಿಯನ್ನು ಹೇರಳೆಯಿಂದ ಹತ್ತು ಅಡಿ ದೂರದಲ್ಲಿ ಹನುಮಂತಯ್ಯನವರಿಂದಲೇ ನೆಡಿಸಿದೆವು. ಎರಡು ವರ್ಷಕ್ಕೆ ಎಲೆ ಹಳದಿ. ನಿಮ್ಮ ಕಚೇರಿಯಿಂದ ಬಂದವರು ನೋಡಿ "ಜಿಂಕ್ ಕಮ್ಮಿ" ಎಂದು ಒಂದು ಪುಡಿ ಕೊಟ್ಟರು. ಸಿಂಪಡಿಸಿದೆವು. ಮೂರನೇ ವರ್ಷ ಹಣ್ಣು ಬಿಟ್ಟಿತು. ನಿಂಬೆಗಿಂತ ಸ್ವಲ್ಪ ದಪ್ಪ, ಒಂದು ಪಕ್ಕ ಸೊಟ್ಟ, ತೊಟ್ಟಿನ ಕಡೆ ಬಣ್ಣ ಬಂದರೂ ತಳ ಹಸಿರಾಗಿಯೇ ಉಳಿಯಿತು. ಬಾಯಿಗಿಟ್ಟರೆ ಕಹಿ. ನಮ್ಮಮ್ಮ ಉಗಿದು, "ಸರ್ಕಾರದ ಹಣ್ಣು ಸರ್ಕಾರದ ಥರಾನೇ ಇದೆ" ಎಂದರು. ಅಲ್ಲಿಗೆ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಅದೇ ವರ್ಷ ಹೇರಳೆಗೂ ಹತ್ತಿತು. ಮೊದಲು ಒಂದು ಕೊಂಬೆ, ಆಮೇಲೆ ಅರ್ಧ ಮರ. ಎಂಬತ್ತನಾಲ್ಕರ ಡಿಸೆಂಬರಿನಲ್ಲಿ ಕಡಿಸಿದೆವು. ಅಮ್ಮ ಎರಡು ದಿನ ಹಿತ್ತಿಲ ಬಾಗಿಲು ತೆಗೆಯಲಿಲ್ಲ. ನಮ್ಮ ಬೀದಿಯಲ್ಲಿ ಒಂಬತ್ತು ಮನೆಯ ನಿಂಬೆ, ಹೇರಳೆ ಹೀಗೇ ಹೋದವು.

ಈಗ ನನ್ನ ಭಾಗಕ್ಕೆ ಬರುತ್ತೇನೆ. ಎಂಬತ್ತೈದರ ಜನವರಿಯಲ್ಲಿ ತಮಗೆ ಬಂದ ಮೊದಲ ದೂರು ನನ್ನದು. ಸಿಟ್ಟಿನಲ್ಲಿ ಬರೆದೆ. ಯಾರ ಮೇಲೆ ಸಿಟ್ಟು ಎಂದು ನನಗೇ ಗೊತ್ತಿರಲಿಲ್ಲ. ಗಿಡ ಕಟ್ಟಿದವರು ಯಾರು, ಹನುಮಂತ. ನೆಟ್ಟವರು ಯಾರು, ಹನುಮಂತ. ಅಂದ ಮೇಲೆ ಅವನದೇ ತಪ್ಪು ಇರಬೇಕು. ಆಗ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವರು ನನಗಿಂತ ಎರಡು ವರ್ಷ ದೊಡ್ಡವರು. "ಕಸಿ ಕಟ್ಟುವವನ ಕೈ ಮತ್ತು ಚಾಕು ಅಶುಚಿಯಾಗಿದ್ದರಿಂದ ಗಿಡಗಳು ಕೆಟ್ಟಿರಬಹುದು" ಎಂದು ಬರೆದೆ. ಎರಡು ತಿಂಗಳ ನಂತರ ನಿಮ್ಮ ನೋಟೀಸು ಬಂತು. ನನ್ನ ಮಾತೇ ಅದರಲ್ಲಿತ್ತು. ಒಂದೇ ವ್ಯತ್ಯಾಸ: ನಾನು "ಇರಬಹುದು" ಎಂದಿದ್ದೆ, ನೀವು "ದೃಢಪಟ್ಟಿದೆ" ಎಂದಿರಿ. ನಡುವೆ ನಡೆದದ್ದೇ ವಿಚಾರಣೆ. ಆ ಸಮಿತಿ ಚಾಕುವನ್ನು ತರಿಸಿ ನೋಡಲಿಲ್ಲ. ಹನುಮಂತಯ್ಯನವರನ್ನು ಕರೆದು ಒಂದು ಮಾತು ಕೇಳಲಿಲ್ಲ. ತಾಯಿ ಮರಗಳ ಹತ್ತಿರ ಹೋಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವನ್ನು ಕಡಿಸಿ ಸೌದೆ ಮಾಡಲಾಗಿತ್ತು. ಒಬ್ಬ ಸೀರೆ ವ್ಯಾಪಾರಿಯ ಊಹೆಯನ್ನು ಟೈಪ್ ಮಾಡಿಸಿ ಮೊಹರು ಹೊಡೆಯುವುದಕ್ಕೆ ಮೂವರು ಪದವೀಧರರು ಬೇಕಿತ್ತೇ?

ಅಂದಿನಿಂದ ಅವರಿಗೆ ಕುಂಡಗಳಿಗೆ ನೀರು ಹಾಕುವ ಕೆಲಸ. ಚಾಕು ಮುಟ್ಟುವಂತಿಲ್ಲ. ಅದು ನಿಮ್ಮ ಶಿಕ್ಷೆ. ನಮ್ಮ ಬಡಾವಣೆಗಳ ಶಿಕ್ಷೆ ಬೇರೆ. ಅವರೇ ಇಪ್ಪತ್ತು ವರ್ಷ ನೋಡಿಕೊಂಡ ತೋಟದ ಮಾಲೀಕ ಏಕಾಂತಯ್ಯನವರು ಗೇಟಿನಲ್ಲೇ ನಿಂತು, "ಬೇಜಾರ್ ಮಾಡ್ಕೋಬೇಡ, ಮನೇಲಿ ಹೆಂಗಸರು ಒಪ್ಪಲ್ಲ" ಎಂದು ವಾಪಸು ಕಳಿಸಿದರು. ಚಾಮರಾಜಪೇಟೆಯಲ್ಲಿ ಗೃಹಪ್ರವೇಶಕ್ಕೆ ಕರೆದಿದ್ದವರು ಹಿಂದಿನ ದಿನ ಬೇಡವೆಂದು ಹೇಳಿ ಕಳಿಸಿದರು. ಕೈಗುಣ ಎನ್ನುವುದನ್ನು ನಮ್ಮಲ್ಲಿ ಕೊಡಲು ನೂರು ಗಿಡ ಬೇಕು, ಕಿತ್ತುಕೊಳ್ಳಲು ಒಂದು ಕಾಗದ ಸಾಕು. ಮುಂದಿನ ಹತ್ತಾರು ವರ್ಷ, ಕಚೇರಿ ಬಿಟ್ಟ ಮೇಲೆ, ಆ ಮನುಷ್ಯ ಬದುಕಬೇಕಾದದ್ದೇ ಆ ಕೈಯ ಹೆಸರಿನಿಂದ.

ನನಗೆ ಬುದ್ಧಿ ಬಂದದ್ದು ಎರಡು ತಿಂಗಳ ಹಿಂದೆ. ನಮ್ಮ ಔಟ್‌ಹೌಸಿಗೆ ತ್ರಿಪುರಸುಂದರಿ ಎಂಬ ಉಪನ್ಯಾಸಕಿ ಬಾಡಿಗೆಗೆ ಬಂದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾರೆ. ಉಳಿದಿದ್ದ ಮೂಸಂಬಿಯ ಎಲೆಯೊಂದನ್ನು ಕಿತ್ತು, ನಡುನರದ ಗುಂಟ ಮಡಿಸಿ, "ನೋಡಿ ಸಾರ್, ಜಿಂಕ್ ಕಮ್ಮಿಯಾದ್ರೆ ಎರಡೂ ಕಡೆ ಹಳದಿ ಒಂದೇ ಥರ ಇರುತ್ತೆ. ಇದ್ರಲ್ಲಿ ಒಂದು ಕಡೆ ಇರೋದು ಇನ್ನೊಂದು ಕಡೆ ಇಲ್ಲ. ಇದು ಹಸಿವಲ್ಲ, ಕಾಯಿಲೆ" ಎಂದರು. ಆಮೇಲೆ ಕರಿಬೇವಿನ ಗಿಡದ ಚಿಗುರನ್ನು ಬಗ್ಗಿಸಿ, ಭೂತಗನ್ನಡಿ ಕೈಗೆ ಕೊಟ್ಟರು. ಕಂದು ಬಣ್ಣದ ಹುಳುಗಳು, ತಲೆ ಎಲೆಗೆ ಊರಿ, ಹಿಂಭಾಗ ಮೇಲೆತ್ತಿ ಸಾಲಾಗಿ ಕೂತಿದ್ದವು. ಅವುಗಳ ಮರಿಗಳ ಮೈಯಿಂದ ಬಿಳಿ ಮೇಣದ ಎಳೆಗಳು ಇಳಿಬಿದ್ದಿದ್ದವು. ಮಜ್ಜಿಗೆಗೆ ಹಾಕಿದ ಚಿಗುರಿನಲ್ಲೂ ಇವೇ ಇದ್ದಿರಬೇಕು ಎಂದುಕೊಂಡೆ.

ಆಕೆ ವಿವರಿಸಿದ್ದನ್ನು ತಮಗೆ ಬಿಡಿಸಿ ಹೇಳುತ್ತೇನೆ. ತಮ್ಮ ಹುದ್ದೆಗೆ ಇದು ಗೊತ್ತಿರಬೇಕಿತ್ತು. ಈ ರೋಗದ ಕಾರಣ ಬ್ಯಾಕ್ಟೀರಿಯಾ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವ ನಾಳಗಳೊಳಗೆ ಅದು ಬದುಕುತ್ತದೆ, ಆ ದಾರಿಯನ್ನೇ ಕಟ್ಟುತ್ತದೆ. ಹುಳು ರೋಗದ ಮರದ ರಸ ಹೀರುವಾಗ ಬ್ಯಾಕ್ಟೀರಿಯಾ ಅದರ ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದ ಮೈಯೆಲ್ಲ ಹರಡಿ ಜೊಲ್ಲಿಗೂ ಸೇರುತ್ತದೆ. ಕೆಲವು ದಿನ ಕಳೆದ ಮೇಲೆ ಆ ಹುಳು ಯಾವ ಒಳ್ಳೆಯ ಮರದ ಮೇಲೆ ಕೂತು ಹೀರಿದರೂ ಅದಕ್ಕೆ ರೋಗ ಇಳಿಯಬಹುದು. ಒಮ್ಮೆ ಹತ್ತಿಸಿಕೊಂಡ ಹುಳು ಸಾಯುವವರೆಗೂ ಹೊತ್ತು ತಿರುಗುತ್ತದೆ. ಹುಳುವಿಗೆ ಅಂಥ ತೊಂದರೆ ಏನೂ ಇಲ್ಲ. ಹರಡುವವನು ಆರಾಮಾಗಿರುತ್ತಾನೆ, ಕೆಡುವುದು ಬೇರೆಯವರ ಹಿತ್ತಿಲು. ಈ ಏರ್ಪಾಡು ತಮಗೆ ಪರಿಚಿತವೇ ಇರಬೇಕು. ಹುಳು ಮೊಟ್ಟೆ ಇಡುವುದು ಎಳೆ ಚಿಗುರಿನಲ್ಲಿ. ಹುಳುವಲ್ಲದೆ ರೋಗಕ್ಕಿರುವ ಇನ್ನೊಂದು ದಾರಿ ಕಸಿಯ ಕಡ್ಡಿ. ರೋಗದ ಮರದ ಕಡ್ಡಿ ಕಟ್ಟಿದರೆ ಗಿಡ ಹುಟ್ಟುವಾಗಲೇ ರೋಗಿ. "ಚಾಕು?" ಎಂದು ಕೇಳಿದೆ. "ಚಾಕು ಏನ್ ಮಾಡುತ್ತೆ ಸಾರ್? ರೋಗ ಇರೋದು ಕಡ್ಡಿ ಒಳಗೆ. ಅದನ್ನ ಗಂಗಾಜಲದಲ್ಲಿ ತೊಳೆದ ಚಾಕುವಿಂದ ಕುಯ್ದ್ರೂ ಅಷ್ಟೇ" ಎಂದರು.

ಅಂದರೆ ಲೆಕ್ಕ ಹೀಗೆ. ಕಟ್ಟಿದ ಕೈ ಹನುಮಂತಯ್ಯನವರದು, ಕಡ್ಡಿ ನಿಮ್ಮದು. ಆ ಕಡ್ಡಿ ಬೇಡ ಎಂದು ಹೇಳಿದ ಬಾಯಿಯೂ ಅವರದೇ. ಇನ್ನು ಶಿವರಾತ್ರಿ ಕಳೆದೊಡನೆ ತುದಿ ಚಿವುಟಿ ಹುಳುವಿಗೆ ಚಿಗುರಿನ ತೊಟ್ಟಿಲು ಕಟ್ಟಿ, ಆಮೇಲೆ ಕರಿಬೇವಿನ ಜೊತೆ ಕಟ್ಟು ಕಟ್ಟಿ ಒಂಬತ್ತು ಮನೆಗೆ ಕೈಯಾರೆ ಹುಳು ಹಂಚಿದವರು ನಾವು. ನಮ್ಮಮ್ಮನಿಗೆ ಇದನ್ನು ಹೇಳಿದಾಗ, "ಹಂಗಾದ್ರೆ ಬೋರ್ಡ್ ಮೇಲೆ ನನ್ನ ಹೆಸರೂ ಹಾಕ್ಸು" ಎಂದರು. ಎಂಬತ್ತು ವರ್ಷದ ಮುದುಕಿಗಿರುವ ನಾಚಿಕೆ ನಿಮ್ಮ ಕಚೇರಿಗೆ ಇಲ್ಲ. ನಿಮ್ಮ ನರ್ಸರಿಯ ಸುತ್ತ ಚೆಂದಕ್ಕೆಂದು ಬೆಳೆಸಿದ್ದೀರಲ್ಲ, ಬಿಳಿ ಹೂವಿನ ಆ ಬೇಲಿಗಿಡ, ಅದು ಕರಿಬೇವಿನ ದಾಯಾದಿ. ಈ ಹುಳುವಿಗೆ ಅದಕ್ಕಿಂತ ಪ್ರೀತಿಯ ಮನೆ ಇಲ್ಲ. ಹದಿನೈದು ದಿನಕ್ಕೊಮ್ಮೆ ಕತ್ತರಿಸಿ ಅದರಲ್ಲಿ ವರ್ಷವಿಡೀ ಚಿಗುರು ಬರಿಸುತ್ತೀರಿ. ಮೊನ್ನೆ ತ್ರಿಪುರಸುಂದರಿಯವರನ್ನು ಕರೆದುಕೊಂಡು ಬಂದು ರಸ್ತೆಯಿಂದಲೇ ನೋಡಿದೆ. ಒಂದೊಂದು ಕುಡಿಯಲ್ಲೂ ಹುಳು. ಬೇಲಿಯೇ ಹೊಲ ಮೇಯ್ದ ಮಾತು ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತು. ಇದರ ಪಕ್ಕದಲ್ಲೇ ನಡೆದು ಹೋಗಿ ನಿಮ್ಮ ಸಮಿತಿ ಚಾಕುವಿನ ಮೇಲೆ ವರದಿ ಬರೆಯಿತು. ಥೂ ಎನ್ನಬೇಕೆನಿಸುತ್ತದೆ. ಬರವಣಿಗೆಯಲ್ಲಿ ಬೇರೆ ಏನೆನ್ನಬೇಕೋ ನನಗೆ ತಿಳಿಯದು.

ಕಳೆದ ಭಾನುವಾರ ಓಕಳಿಪುರಕ್ಕೆ ಹೋದೆ. ಇಪ್ಪತ್ತನಾಲ್ಕು ವರ್ಷ ನಮ್ಮ ಮನೆಗೆ ಬಂದವರ ಮನೆಗೆ ನಾನು ಹೋದದ್ದು ಅದೇ ಮೊದಲು. ಹನುಮಂತಯ್ಯನವರು ನನ್ನನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಹಳಿಯ ಪಕ್ಕ ಒಂದಿಷ್ಟು ಜಾಗ, ಅಲ್ಲಿ ನಾಲ್ಕು ಕೋಲು ನೆಟ್ಟು ಸೊಳ್ಳೆ ಪರದೆ ಕಟ್ಟಿದ್ದರು. ಪರದೆಯ ಒಳಗೆ ಡಾಲ್ಡಾ ಡಬ್ಬಗಳಲ್ಲಿ ಮೂರು ಹೇರಳೆ ಸಸಿ. ಹೊರಗೆ ಎರಡು ಸಸಿ, ಅವುಗಳ ನಡುವೆ ನಿಮ್ಮ ಕಚೇರಿ ತಿಪ್ಪೆಗೆ ಎಸೆದಿದ್ದ ಒಂದು ರೋಗದ ಮೂಸಂಬಿ, ಹುಳುವಿನ ಸಮೇತ. ಐದೂ ಒಂದೇ ಹಣ್ಣಿನ ಬೀಜದವು ಎಂದು ಹೇಳಿ, ಮಾಡಿದ್ದನ್ನು ವಿವರಿಸಿದರು. ಹದಿನಾಲ್ಕು ತಿಂಗಳ ಹಿಂದೆ ಆ ಮೂಸಂಬಿಯ ಕೊಂಬೆಯನ್ನು ಅವರು ತಮ್ಮದೇ ಕಸಿ ಚಾಕುವಿನಿಂದ ಕುಯ್ದು, ಒರೆಸದೆ, ಅದೇ ಚಾಕುವಿನಿಂದ ಪರದೆಯೊಳಗಿನ ಮೂರನ್ನೂ ಗೀರಿದ್ದರು. ಹೊರಗಿನ ಎರಡಕ್ಕೆ ಚಾಕು ತಾಗಿಸಿಯೇ ಇಲ್ಲ. ನಾನು ನೋಡಿದಾಗ ಚಾಕು ತಾಗಿದ ಮೂರೂ ಹಸಿರು. ಚಾಕು ಕಾಣದ ಎರಡೂ ಹಳದಿ. ಎಲೆ ಕಿತ್ತು ಮಡಿಸಿ ನೋಡಿದೆ, ಎರಡು ಪಕ್ಕ ಹೊಂದಲಿಲ್ಲ. ಐದೇ ಸಸಿ, ಇದು ದೊಡ್ಡ ಪ್ರಯೋಗವೇನಲ್ಲ ಎಂದು ತಾವು ಹೇಳಬಹುದು. ನಿಮ್ಮ ಸಮಿತಿ ನೋಡಿದ್ದಕ್ಕಿಂತ ಐದು ಸಸಿ ಹೆಚ್ಚು.

ಅವರ ಹೆಂಡತಿ ಸಿದ್ದಮ್ಮನವರು ಬಾಗಿಲಲ್ಲಿ ನಿಂತು, "ಗಿಡಕ್ಕೆ ಪರದೆ, ನಮಗೆ ಸೊಳ್ಳೆ. ಒಂದು ವರ್ಸದಿಂದ ಇದೇ ಬಾಳು" ಎಂದು ನಕ್ಕರು. ಕಾಫಿ ಕೊಟ್ಟರು. ಕುಡಿದೆ. ನಮ್ಮ ಮನೆಯಲ್ಲಿ ಹನುಮಂತಯ್ಯನವರ ಲೋಟ ಬೇರೆಯಾಗಿ ಗೂಡಿನಲ್ಲಿ ಇರುತ್ತಿತ್ತು ಎಂಬುದು ಆ ಲೋಟ ಹಿಡಿದಾಗ ನೆನಪಾಯಿತು. ಜಾತಿ ಇಲ್ಲ ಎಂದು ವಚನ ಹೇಳಿಕೊಂಡೇ ಬೆಳೆದ ಮನೆ ನಮ್ಮದು. ತಪ್ಪಾಯಿತು, ದೂರು ಬರೆದದ್ದು ನಾನೇ, ಎಂದೆ. ಅವರಿಗೆ ಗೊತ್ತಿತ್ತು. ಸಿದ್ದಮ್ಮನವರು ಕೇಳಿದರು: "ಒಂದು ಮಾತು ಕೇಳ್ತೀನಿ, ಸಿಟ್ಟಾಗ್ಬ್ಯಾಡಿ ಸ್ವಾಮಿ. ನಮ್ಮೆಜಮಾನ್ರು ಗಿಡ ಮುಟ್ಟೋಕೆ ಮುಂಚೆ ಎರಡು ಸಲ ಕೈ ತೊಳೀತಾರೆ. ನೀವೇ ನೀರು ಹುಯ್ದಿದ್ದೀರಿ, ಮೇಲಿಂದ. ಆದ್ರೂ ಅಶುಚಿ ಅಂತ ಬರೆದ್ರಲ್ಲ, ಅದು ಎಂಗೆ ಹೊಳೀತು ನಿಮಗೆ?" ಉತ್ತರ ನನಗೆ ಗೊತ್ತು. ಮೂವರು ಸದಸ್ಯರಿಗೂ ತಮಗೂ ಆ ಪದ ಬದಲಾಯಿಸಬೇಕೆಂದು ಯಾಕೆ ಅನಿಸಲಿಲ್ಲ ಎನ್ನುವುದೂ ಗೊತ್ತು. ನನ್ನ ಮೇಲೆ ನನಗೆ ಹೇಸಿಗೆಯಾಗಿದೆ. ಅದರಲ್ಲಿ ತಮ್ಮ ಪಾಲನ್ನು ತಾವು ತೆಗೆದುಕೊಳ್ಳಬೇಕು.

ಹೊರಡುವಾಗ ಹನುಮಂತಯ್ಯನವರು ಬೋರ್ಡಿನ ಮಾತೆತ್ತಿದರು. "ನೀವು ಇಲ್ಲಿಗೆ ಬಂದು ಹೇಳಿದ್ರಿ, ಸರಿ. ಬೋರ್ಡ್ ಓದೋರು ಇಲ್ಲಿಗೆ ಬರಲ್ವಲ್ಲ." ಮೂವತ್ತೊಂದನೇ ತಾರೀಕು ಕಚೇರಿಯವರು ಶಾಲು ಹಾರ ಹಾಕುತ್ತಾರಂತೆ. ಅದು ಮುಗಿದ ಮೇಲೆ ಗೊಬ್ಬರದ ಗಾಡಿ ಬರುವ ಹಿಂದಿನ ಗೇಟಿನಿಂದ ಹೊರಟುಬಿಡುತ್ತೇನೆ ಎಂದರು. ಮುಂದಿನಿಂದ ಬಂದರೆ ಹಾರ ಹಾಕಿಕೊಂಡು ಆ ಕಾಗದದ ಎದುರು ಹಾದು ಬರಬೇಕಲ್ಲ.

ಆದ್ದರಿಂದ ಮಾನ್ಯರೇ, ಆ ಕಾಗದ ತೆಗೆಸಿ. ಅದೇ ಜಾಗದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ, ಅದೇ ಸಹಿ ಮೊಹರಿನೊಂದಿಗೆ ಇನ್ನೊಂದು ಹಾಕಿಸಿ: ರೋಗ ಹರಡಿದ್ದು ಕಚೇರಿ ಆರಿಸಿದ ತಾಯಿ ಮರಗಳಿಂದ ಮತ್ತು ಹುಳುವಿನಿಂದ, ಹನುಮಂತಯ್ಯನವರು ಮೊದಲೇ ಎಚ್ಚರಿಸಿದ್ದರು, ಕಚೇರಿ ಕೇಳಲಿಲ್ಲ, ದೂರುದಾರ ಮಲ್ಲಿಕಾರ್ಜುನಯ್ಯನ ಆರೋಪ ಸುಳ್ಳು. ನನ್ನ ಹೆಸರನ್ನು ಬಿಡಬೇಡಿ. ಆ ಬೇಲಿಯನ್ನು ಬುಡಸಮೇತ ಕೀಳಿಸಿ. ಇಷ್ಟೂ ಮೂವತ್ತನೇ ತಾರೀಕಿನೊಳಗೆ ಆಗಬೇಕು. ಮೂವತ್ತೊಂದರ ಸಂಜೆ ಐದಕ್ಕೆ ನಾನು ನಿಮ್ಮ ಮುಂಬಾಗಿಲ ಎದುರು ರಸ್ತೆಯಲ್ಲಿ ನಿಂತಿರುತ್ತೇನೆ. ಅವರು ಆ ಬಾಗಿಲಿಂದಲೇ ಹೊರಗೆ ಬರಬೇಕು. ಬಂದ ಮೇಲೆ ನನ್ನನ್ನು ಮಾತಾಡಿಸದೆ ಹೋದರೂ ಹೋಗಲಿ.

ಇಂತಿ,
ಒರೆಸಿದರೆ ಹೋಗದಂಥ ಪದವೊಂದನ್ನು ಬರೆದ ಕೈಯಿಂದ,
ಮಲ್ಲಿಕಾರ್ಜುನಯ್ಯ
ಸೀರೆ ವ್ಯಾಪಾರಿ, ಚಿಕ್ಕಪೇಟೆ